ಹೂಬಿಡುವ ಸಸ್ಯಗಳ ಕುಟುಂಬ ವಿಂಗಡಣೆ ಮತ್ತು ಬಿ.ಜಿ.ಎಲ್. ಸ್ವಾಮಿ: ಚರಿತ್ರೆಯ ಒಂದು ಅಧ್ಯಾಯ

ಬಿ.ಜಿ.ಎಲ್. ಸ್ವಾಮಿ (೧೯೧೮–೧೯೮೦) ಅವರನ್ನು ಕನ್ನಡ ಓದುಗರು ಮುಖ್ಯವಾಗಿ ‘ಹಸುರು ಹೊನ್ನು’ ಕೃತಿಯ ಮೂಲಕ ಬಲ್ಲರು. ವಿದ್ಯಾರ್ಥಿಗಳೊಡನೆ ಕಾಡು ಮೇಡು ಅಲೆದ ಅನುಭವವನ್ನು ಸಸ್ಯಶಾಸ್ತ್ರದ ತಿಳಿವಳಿಕೆಯೊಡನೆ ಹೆಣೆದ ಆ ಕೃತಿಗೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಅವರ ವಿನೋದಪ್ರಜ್ಞೆ, ಶಾಸನ ಮತ್ತು ಇತಿಹಾಸಗಳಲ್ಲಿ ಅವರಿಗಿದ್ದ ಆಸಕ್ತಿ, ಅವರ ಗದ್ಯದ ಹದ ಇವುಗಳ ಬಗೆಗೆ ಕನ್ನಡದಲ್ಲಿ ಸಾಕಷ್ಟು ಮಾತು ನಡೆದಿದೆ. ಆದರೆ ಸಂಶೋಧಕರಾಗಿ ಅವರು ಯಾವ ಪ್ರಶ್ನೆಯನ್ನು ಬೆನ್ನಟ್ಟಿದ್ದರು, ಆ ಪ್ರಶ್ನೆ ಅವರ ನಿಧನದ ನಂತರ ಎತ್ತ ಸಾಗಿತು ಎಂಬುದರ ಕಡೆಗೆ ಸಾಹಿತ್ಯವಲಯದ ಗಮನ ಹರಿದದ್ದು ಕಡಿಮೆ.

೧೯೪೮ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಆರ್ನಾಲ್ಡ್ ಸಸ್ಯೋದ್ಯಾನದ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟವಾಯಿತು. ಅದರ ಕರ್ತೃಗಳು ಇರ್ವಿಂಗ್ ಬೈಲಿ ಮತ್ತು ಬಿ.ಜಿ.ಎಲ್. ಸ್ವಾಮಿ. ಲೇಖನದ ವಿಷಯ ಶಾಂತಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಮಳೆಕಾಡಿನಲ್ಲಿ ಬೆಳೆಯುವ, ಅಷ್ಟೇನೂ ಪ್ರಸಿದ್ಧವಲ್ಲದ ಅಂಬೊರೆಲ್ಲಾ ಎಂಬ ಪೊದೆಗಿಡ. ಸುಮಾರು ಅರ್ಧ ಶತಮಾನದ ಬಳಿಕ, ೧೯೯೯ರಲ್ಲಿ, ಇದೇ ಗಿಡವು ಜಗತ್ತಿನ ಹೂಬಿಡುವ ಸಸ್ಯಗಳ ವಂಶವೃಕ್ಷದ ಬುಡದ ಕವಲಿನಲ್ಲಿ ಏಕಾಂಗಿಯಾಗಿ ನಿಂತಿತು. ಈ ಎರಡು ಘಟನೆಗಳ ನಡುವಣ ಸಂಬಂಧವನ್ನು ಸಸ್ಯ ವರ್ಗೀಕರಣದ ಒಟ್ಟು ಚರಿತ್ರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ‘ಕುಟುಂಬ’ ಎಂಬ ಮಾತಿನ ಅರ್ಥವೇ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎಂಬುದನ್ನು ತಿಳಿಯದೆ ಈ ಸಂಬಂಧವನ್ನು ಅರಿಯುವುದು ಸಾಧ್ಯವಿಲ್ಲವಾದ್ದರಿಂದ ಅಲ್ಲಿಂದಲೇ ಆರಂಭಿಸುವುದು ಉಚಿತ.

೧. ಹೋಲಿಕೆಯ ಕುಟುಂಬ

ಸ್ವೀಡನ್ನಿನ ಲಿನೇಯಸ್ ೧೭೫೩ರ ತನ್ನ ಗ್ರಂಥದಲ್ಲಿ ಸಸ್ಯಗಳನ್ನು ಇಪ್ಪತ್ತನಾಲ್ಕು ವರ್ಗಗಳಾಗಿ ವಿಂಗಡಿಸಿದ. ವಿಂಗಡಣೆಯ ಆಧಾರ ಬಹುಮಟ್ಟಿಗೆ ಹೂವಿನ ಕೇಸರಗಳ ಸಂಖ್ಯೆ ಮತ್ತು ಜೋಡಣೆ. ಎರಡು ಕೇಸರಗಳೆಂಬ ಒಂದೇ ಕಾರಣಕ್ಕೆ ಮಲ್ಲಿಗೆಯೂ ಮೆಣಸಿನ ಬಳ್ಳಿಯೂ ಒಂದೇ ವರ್ಗಕ್ಕೆ ಸೇರಿದವು. ತುಳಸಿಯ ಹತ್ತಿರದ ಬಂಧುವಾದ ಸಾಲ್ವಿಯಾ ಕೂಡ ಅದೇ ವರ್ಗಕ್ಕೆ ಹೋಯಿತು. ತುಳಸಿ ಮಾತ್ರ ನಾಲ್ಕು ಕೇಸರಗಳ ಕಾರಣದಿಂದ ಬೇರೊಂದು ವರ್ಗದಲ್ಲಿ ಉಳಿಯಿತು. ಅಪರಿಚಿತ ಗಿಡವೊಂದನ್ನು ಬೇಗ ಗುರುತಿಸಲು ಈ ಪದ್ಧತಿ ಅನುಕೂಲವಾಗಿತ್ತು. ಆದರೆ ಇದು ಕೃತಕವೆಂಬುದು ಲಿನೇಯಸನಿಗೇ ತಿಳಿದಿತ್ತು. ಸಹಜ ಪದ್ಧತಿಯೊಂದರ ತುಣುಕುಗಳನ್ನು ಅವನೇ ಪ್ರತ್ಯೇಕವಾಗಿ ಪ್ರಕಟಿಸಿದ್ದನು.

ಸಸ್ಯಗಳಿಗೆ ‘ಕುಟುಂಬ’ ಎಂಬ ಪದವನ್ನು ಫ್ರಾನ್ಸಿನ ಪಿಯರ್ ಮ್ಯಾಗ್ನೋಲ್ ೧೬೮೯ರಷ್ಟು ಹಿಂದೆಯೇ ಬಳಸಿದ್ದ. ನಮ್ಮ ಸಂಪಿಗೆಯ ಕುಟುಂಬವಾದ ಮ್ಯಾಗ್ನೋಲಿಯೇಸಿಯ ಹೆಸರಿನಲ್ಲಿ ಉಳಿದಿರುವುದು ಇವನ ಸ್ಮರಣೆಯೇ. ಸೆನೆಗಾಲಿನಲ್ಲಿ ಕೆಲವು ವರ್ಷ ಸಸ್ಯಸಂಗ್ರಹ ಮಾಡಿ ಮರಳಿದ ಮಿಶೆಲ್ ಅಡಾನ್ಸನ್, ಉಷ್ಣವಲಯದ ಸಸ್ಯಗಳು ಯುರೋಪಿನ ಯಾವ ಏಕಲಕ್ಷಣ ಪದ್ಧತಿಗೂ ಒಗ್ಗುವುದಿಲ್ಲವೆಂಬುದನ್ನು ಕಂಡುಕೊಂಡು, ಎಲ್ಲ ಲಕ್ಷಣಗಳನ್ನೂ ಪರಿಗಣಿಸಿ ೧೭೬೩–೬೪ರಲ್ಲಿ ೫೮ ಕುಟುಂಬಗಳನ್ನು ಮುಂದಿಟ್ಟ. ೧೭೮೯ರಲ್ಲಿ ಆಂಟ್ವಾನ್ ಲೋರಾನ್ ದ ಜಸ್ಯೂ ಇನ್ನೊಂದು ಹೆಜ್ಜೆ ಮುಂದೆ ಹೋದ. ಹುಲ್ಲುಗಳು, ಅವರೆಯಂತಹ ಕಾಯಿಗಿಡಗಳು, ಸೂರ್ಯಕಾಂತಿಯ ಬಳಗ ಮೊದಲಾದ, ಯಾರೂ ವಿವಾದಿಸದ ಏಳು ಸಮೂಹಗಳನ್ನು ಅವನು ಆರಿಸಿಕೊಂಡ. ಅವುಗಳೊಳಗೆ ಯಾವ ಲಕ್ಷಣ ಬದಲಾಗದೆ ನಿಲ್ಲುತ್ತದೆ, ಯಾವುದು ಬದಲಾಗುತ್ತದೆ ಎಂಬುದನ್ನು ಪರೀಕ್ಷಿಸಿ, ಸ್ಥಿರವಾದ ಲಕ್ಷಣಗಳಿಗೆ ಹೆಚ್ಚಿನ ತೂಕ ಕೊಟ್ಟ. ಅವನು ರಚಿಸಿದ ನೂರು ಸಮೂಹಗಳಲ್ಲಿ ಅನೇಕವು ಇಂದಿಗೂ ಕುಟುಂಬಗಳಾಗಿ ಉಳಿದಿವೆ.

ಈ ಪರಂಪರೆಯ ಪರಿಪಕ್ವ ಫಲವೆಂದರೆ ಜಾರ್ಜ್ ಬೆಂಥಮ್ ಮತ್ತು ಜೋಸೆಫ್ ಹೂಕರ್ ಅವರು ೧೮೬೨ರಿಂದ ೧೮೮೩ರವರೆಗೆ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ‘ಜೆನೆರಾ ಪ್ಲಾಂಟಾರಮ್’. ಹಿಂದಿನ ಪುಸ್ತಕಗಳ ವರ್ಣನೆಯನ್ನು ನಕಲು ಮಾಡದೆ, ಸಾಧ್ಯವಿದ್ದಲ್ಲೆಲ್ಲ ಮಾದರಿಗಳನ್ನೇ ಪರೀಕ್ಷಿಸಿ ಬರೆದ ಕಾರಣ ಈ ಗ್ರಂಥದ ವಿವರಗಳ ಪ್ರಾಮಾಣ್ಯ ಇಂದಿಗೂ ಕುಂದಿಲ್ಲ. ಹೂಕರ್ ೧೮೭೨ರಿಂದ ೧೮೯೭ರ ಅವಧಿಯಲ್ಲಿ ಏಳು ಸಂಪುಟಗಳಲ್ಲಿ ಹೊರತಂದ ಬ್ರಿಟಿಷ್ ಇಂಡಿಯಾದ ಸಸ್ಯಸಂಪತ್ತಿನ ಗ್ರಂಥವೂ ಇದೇ ಕ್ರಮದಲ್ಲಿತ್ತು. ಭಾರತದ ಬಹುತೇಕ ಸಸ್ಯಾಲಯಗಳ ಕಪಾಟುಗಳೂ ಕಾಲೇಜು ಪಠ್ಯಗಳೂ ಒಂದು ಶತಮಾನಕ್ಕೂ ಹೆಚ್ಚು ಕಾಲ ಇದನ್ನೇ ಅನುಸರಿಸಿದವು.

ಇಲ್ಲಿ ಒಂದು ವಿರೋಧಾಭಾಸವಿದೆ. ಹೂಕರ್ ಡಾರ್ವಿನ್ನನ ಆಪ್ತಮಿತ್ರ. ‘ಜೆನೆರಾ’ದ ಮೊದಲ ಭಾಗ ಹೊರಬಂದದ್ದು ಡಾರ್ವಿನ್ನನ ಮಹಾಕೃತಿ ಪ್ರಕಟವಾದ ಮೂರು ವರ್ಷಗಳ ನಂತರ. ಆದರೂ ಅದರ ಚೌಕಟ್ಟು ವಿಕಾಸವಾದಕ್ಕೆ ಮುಂಚಿನದು. ದಳಗಳು ಬಿಡಿಯಾಗಿವೆಯೆ, ಕೂಡಿವೆಯೆ, ಇಲ್ಲವೆ ಎಂಬುದರ ಮೇಲೆ ದ್ವಿದಳ ಸಸ್ಯಗಳನ್ನು ಅಲ್ಲಿ ಮೂರಾಗಿ ಒಡೆಯಲಾಗಿದೆ. ಸಂಪಿಗೆ ಮತ್ತು ಸೀತಾಫಲ ಮೊದಲನೆಯ ಭಾಗದ ಆರಂಭದಲ್ಲಿಯೂ, ಮೆಣಸು, ಜಾಯಿಕಾಯಿ ಮತ್ತು ದಾಲ್ಚಿನ್ನಿ ಮೂರನೆಯ ಭಾಗದಲ್ಲಿಯೂ ಇವೆ. ಇವೆಲ್ಲ ಒಂದೇ ದೊಡ್ಡ ಶಾಖೆಯ ಬಂಧುಗಳೆಂಬುದು ಇಂದಿನ ತಿಳಿವಳಿಕೆ. ಬೆಂಥಮ್ ಮತ್ತು ಹೂಕರ್ ಕುಟುಂಬಗಳನ್ನು ಗುರುತಿಸುವಲ್ಲಿ ಎಡವಿದ್ದು ಕಡಿಮೆ. ಕುಟುಂಬ ಕುಟುಂಬಗಳ ನಡುವಣ ನಂಟನ್ನು ಹೇಳುವ ಸಾಧನ ಅವರ ಪದ್ಧತಿಯಲ್ಲಿ ಇರಲಿಲ್ಲ.

೨. ವಂಶದ ಕುಟುಂಬ

ವಿಕಾಸವಾದವನ್ನು ಒಪ್ಪಿದ ಮೇಲೆ ಕುಟುಂಬವೆಂದರೆ ಕೇವಲ ಹೋಲಿಕೆಯ ಗುಂಪಲ್ಲ, ಒಂದೇ ಪೂರ್ವಜನಿಂದ ಇಳಿದುಬಂದ ಸಂತತಿ ಎಂದು ಅರ್ಥೈಸಬೇಕಾಯಿತು. ಆಗ ಹೊಸ ಪ್ರಶ್ನೆಯೊಂದು ಎದುರಾಯಿತು: ಹೂವಿನ ಆದಿರೂಪ ಯಾವುದು? ಪಳೆಯುಳಿಕೆಗಳಲ್ಲಿ ಹೂಗಿಡಗಳು ಇದ್ದಕ್ಕಿದ್ದಂತೆ, ಆಗಲೇ ವೈವಿಧ್ಯದಿಂದ ಕೂಡಿ ಕಾಣಿಸಿಕೊಳ್ಳುವುದು ಡಾರ್ವಿನ್ನನನ್ನೂ ಕಾಡಿತ್ತು. ೧೮೭೯ರಲ್ಲಿ ಹೂಕರನಿಗೆ ಬರೆದ ಪತ್ರದಲ್ಲಿ ಅವನು ಇದನ್ನು ಬಗೆಹರಿಯದ ರಹಸ್ಯವೆಂದು ಹೇಳಿಕೊಂಡಿದ್ದಾನೆ.

ಉತ್ತರಗಳು ಎರಡು ಬಗೆಯಲ್ಲಿ ಬಂದವು. ಜರ್ಮನಿಯ ಅಡಾಲ್ಫ್ ಎಂಗ್ಲರ್ ಸರಳವಾದದ್ದೇ ಪ್ರಾಚೀನವೆಂದು ಬಗೆದು, ದಳಗಳಿಲ್ಲದ, ಗಾಳಿಯಿಂದ ಪರಾಗಸ್ಪರ್ಶ ಪಡೆಯುವ ಸಣ್ಣ ಹೂಗಳ ಗಿಡಗಳನ್ನು ದ್ವಿದಳ ಸಸ್ಯಗಳ ಆರಂಭದಲ್ಲಿರಿಸಿದ. ಈ ಕ್ರಮದಲ್ಲಿ ನಮ್ಮ ಕರಾವಳಿಯ ಗಾಳಿಮರಕ್ಕೆ ಮೊದಲ ಸ್ಥಾನ. ಅಮೆರಿಕದ ಚಾರ್ಲ್ಸ್ ಬೆಸ್ಸಿ ೧೯೧೫ರಲ್ಲಿ ಇದಕ್ಕೆ ತದ್ವಿರುದ್ಧವಾದ ನಿಲುವನ್ನು ಖಚಿತವಾಗಿ ಮಂಡಿಸಿದ. ಅವನ ದೃಷ್ಟಿಯಲ್ಲಿ ಗಾಳಿಮರದ ಹೂವಿನ ಸರಳತೆ ಕ್ಷಯದಿಂದ ಬಂದದ್ದು. ಸಂಪಿಗೆಯ ಹೂವಿನಂತೆ ನೀಳವಾದ ಅಕ್ಷದ ಮೇಲೆ ಅನೇಕ ಭಾಗಗಳು ಬಿಡಿಬಿಡಿಯಾಗಿ ಸುರುಳಿಯಲ್ಲಿ ಜೋಡಣೆಯಾಗಿರುವುದೇ ಮೂಲ ಸ್ಥಿತಿ. ಮುಂದೆ ಬಂದ ಹಚಿನ್ಸನ್, ತಖ್ತಾಜಾನ್, ಕ್ರಾಂಕ್ವಿಸ್ಟ್ ಇವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಬೆಸ್ಸಿಯ ದಾರಿ ಹಿಡಿದವರು.

ಎರಡೂ ವಾದಗಳ ಕೊರತೆ ಒಂದೇ ಆಗಿತ್ತು. ಹೂವಿನ ಆದಿರೂಪ ಯಾವುದೆಂದು ನಿರ್ಧರಿಸಲು ಹೂವನ್ನೇ ಸಾಕ್ಷಿಯಾಗಿ ಕರೆದರೆ ವಾದ ಚಕ್ರದಂತೆ ತಿರುಗುತ್ತದೆ. ಹೂವಿಗೆ ಸಂಬಂಧಿಸದ, ಸ್ವತಂತ್ರವಾದ ಇನ್ನೊಂದು ಸಾಕ್ಷ್ಯ ಬೇಕಾಗಿತ್ತು.

೩. ಬೈಲಿ ಮತ್ತು ಸ್ವಾಮಿ

ಆ ಸಾಕ್ಷ್ಯವನ್ನು ಮರದ ತಿರುಳಿನಲ್ಲಿ ಕಂಡವರು ಇರ್ವಿಂಗ್ ಬೈಲಿ (೧೮೮೪–೧೯೬೭). ಹೂಬಿಡುವ ಸಸ್ಯಗಳ ಕಾಂಡದಲ್ಲಿ ನೀರು ಏರುವುದು ಸಾಮಾನ್ಯವಾಗಿ ತುದಿಗಳು ತೆರೆದುಕೊಂಡು ಒಂದರ ಮೇಲೊಂದು ಕೂಡಿದ ಕೋಶಗಳಿಂದಾದ ವಾಹಕನಾಳಗಳ ಮೂಲಕ. ಪೈನ್‌ನಂತಹ ಅನಾವೃತಬೀಜ ಸಸ್ಯಗಳಲ್ಲಿ ಇಂತಹ ನಾಳಗಳಿಲ್ಲ. ತುದಿ ಮುಚ್ಚಿದ, ಉದ್ದನೆಯ ಟ್ರೇಕಿಡ್ ಕೋಶಗಳ ಪಕ್ಕದ ಸಣ್ಣ ಗುಳಿಗಳ ಮೂಲಕವೇ ನೀರು ಸಾಗಬೇಕು. ಅಸಂಖ್ಯ ಮರಗಳ ಸೂಕ್ಷ್ಮಛೇದಗಳನ್ನು ಹೋಲಿಸಿ, ಟ್ರೇಕಿಡ್‌ಗಳಿಂದ ನಾಳಗಳು ಹಂತಹಂತವಾಗಿ ರೂಪುಗೊಂಡ ಕ್ರಮವನ್ನು ಬೈಲಿ ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟರು. ಈ ಬದಲಾವಣೆ ಒಂದೇ ದಿಕ್ಕಿನಲ್ಲಿ ಸಾಗುತ್ತದೆ, ಹಿಂದಿರುಗುವುದಿಲ್ಲ ಎಂಬುದು ಅವರ ತೀರ್ಮಾನ. ಹಾಗಿದ್ದಲ್ಲಿ, ಹೂಬಿಡುವ ಸಸ್ಯವಾಗಿದ್ದೂ ನಾಳಗಳಿಲ್ಲದ ಮರ ವಂಶದ ಬುಡಕ್ಕೆ ಹತ್ತಿರದ್ದಾಗಿರಬೇಕು.

ಆರ್ಕಿಡ್‌ಗಳ ಭ್ರೂಣಶಾಸ್ತ್ರದಲ್ಲಿ ಪರಿಣತಿ ಗಳಿಸಿದ್ದ ಸ್ವಾಮಿಯವರು ಹಾರ್ವರ್ಡ್‌ನಲ್ಲಿ ಬೈಲಿಯವರೊಡನೆ ಕೆಲಸ ಮಾಡಿದ್ದು ಈ ಘಟ್ಟದಲ್ಲಿ. ಮೂರು ನಾಲ್ಕು ವರ್ಷಗಳ ಅವಧಿಯಲ್ಲಿ ಇವರಿಬ್ಬರ ಹೆಸರಿನಲ್ಲಿ ಬಂದ ಲೇಖನಗಳ ಸಾಲು ಗಮನಾರ್ಹವಾಗಿದೆ: ೧೯೪೮ರಲ್ಲಿ ಅಂಬೊರೆಲ್ಲಾ, ೧೯೪೯ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಬಳ್ಳಿಯಾದ ಆಸ್ಟ್ರೋಬೈಲೆಯಾ, ೧೯೫೦ರಲ್ಲಿ ಕ್ಲೋರಾಂತೇಸಿ ಕುಟುಂಬದ ಸಾರ್ಕಾಂಡ್ರಾ, ೧೯೫೧ರಲ್ಲಿ ಅಂಡಪತ್ರದ ರಚನೆಯನ್ನು ಕುರಿತ ಪ್ರಬಂಧ. ದಕ್ಷಿಣ ಭಾರತದ ಸಾರ್ಕಾಂಡ್ರಾ ಸಸ್ಯವೊಂದಕ್ಕೆ ಸ್ವಾಮಿಯವರು ಮುಂದೆ ತಮ್ಮ ಗುರುವಿನ ಹೆಸರನ್ನೇ ಇಟ್ಟರು.

೧೯೪೮ರ ಲೇಖನದ ಶೀರ್ಷಿಕೆಯೇ ಅಂಬೊರೆಲ್ಲಾವನ್ನು ನಾಳರಹಿತ ದ್ವಿದಳ ಸಸ್ಯಗಳ ಒಂದು ಹೊಸ ರಚನಾಮಾದರಿ ಎಂದು ಕರೆಯುತ್ತದೆ. ಆವರೆಗೆ ಈ ಗಿಡವನ್ನು ಮೋನಿಮಿಯೇಸಿ ಕುಟುಂಬದಲ್ಲಿ ಸೇರಿಸುವುದು ವಾಡಿಕೆಯಾಗಿತ್ತು. ಅದೇ ೧೯೪೮ರಲ್ಲಿ ಫ್ರಾನ್ಸಿನ ಮಾರ್ಸೆಲ್ ಪಿಶೋ ಇದಕ್ಕೆ ಅಂಬೊರೆಲ್ಲೇಸಿ ಎಂಬ ಪ್ರತ್ಯೇಕ ಕುಟುಂಬವನ್ನು ಸ್ಥಾಪಿಸಿದರು. ಒಂದೇ ಜಾತಿ, ಒಂದೇ ಪ್ರಭೇದದ ಕುಟುಂಬ. ಆದರೆ ಪ್ರತ್ಯೇಕತೆ ಒಪ್ಪಿತವಾದರೂ ಸ್ಥಾನ ನಿಶ್ಚಯವಾಗಲಿಲ್ಲ. ೧೯೮೧ರ ಕ್ರಾಂಕ್ವಿಸ್ಟ್ ಪದ್ಧತಿಯಲ್ಲಿಯೂ ಈ ಕುಟುಂಬ ಇರುವುದು ದಾಲ್ಚಿನ್ನಿ, ಮೋನಿಮಿಯೇಸಿಗಳ ಗಣದಲ್ಲಿಯೇ.

೪. ಅಣುಗಳ ಸಾಕ್ಷ್ಯ

ಜರ್ಮನಿಯ ವಿಲ್ಲಿ ಹೆನ್ನಿಗ್ ೧೯೫೦ರಲ್ಲಿ ವರ್ಗೀಕರಣಕ್ಕೆ ಕಟ್ಟುನಿಟ್ಟಾದ ಒಂದು ನಿಯಮವನ್ನು ಮುಂದಿಟ್ಟರು. ಒಂದು ಪೂರ್ವಜ ಮತ್ತು ಅದರ ಎಲ್ಲ ಸಂತತಿಯನ್ನು ಒಳಗೊಂಡರೆ ಮಾತ್ರ ಅದು ಸಹಜ ಗುಂಪು. ನಂಟನ್ನು ಸ್ಥಾಪಿಸಬೇಕಾದದ್ದು ಹಂಚಿಕೊಂಡ ಹೊಸ ಲಕ್ಷಣಗಳಿಂದಲೇ ಹೊರತು ಉಳಿದುಬಂದ ಹಳೆಯ ಲಕ್ಷಣಗಳಿಂದಲ್ಲ. ಡಿ.ಎನ್.ಎ. ಅಕ್ಷರಮಾಲೆಯನ್ನು ಓದುವ ತಂತ್ರ ಕೈಗೆ ಬಂದ ಮೇಲೆ ಈ ನಿಯಮವನ್ನು ದೊಡ್ಡ ಪ್ರಮಾಣದಲ್ಲಿ ಅನ್ವಯಿಸುವುದು ಸಾಧ್ಯವಾಯಿತು. ೧೯೯೩ರಲ್ಲಿ ಮಾರ್ಕ್ ಚೇಸ್ ಮತ್ತು ಸಂಗಡಿಗರು ಹರಿದ್ರೇಣುವಿನ ಒಂದು ಜೀನನ್ನು ಸುಮಾರು ಐನೂರು ಸಸ್ಯಗಳಲ್ಲಿ ಹೋಲಿಸಿದರು. ಆ ಅಧ್ಯಯನದಲ್ಲಿ ಬುಡದ ಕವಲಾಗಿ ಕಂಡದ್ದು ಸೆರಟೊಫಿಲ್ಲಮ್ ಎಂಬ ಜಲಸಸ್ಯ. ಒಂದೇ ಜೀನಿನ ಮಾತನ್ನು ಪೂರ್ತಿ ನಂಬಲಾಗದೆಂಬುದು ಮುಂದೆ ಸ್ಪಷ್ಟವಾಯಿತು. ಹಲವು ಜೀನುಗಳನ್ನು ಕೂಡಿಸಿ ನೋಡಿದ ಬೇರೆಬೇರೆ ತಂಡಗಳು ೧೯೯೯ರಲ್ಲಿ ಒಂದೇ ಉತ್ತರಕ್ಕೆ ಬಂದವು: ಮೊದಲ ಕವಲು ಅಂಬೊರೆಲ್ಲಾ, ಅದರ ನಂತರ ನೈದಿಲೆಗಳ ಗಣ, ಆ ಬಳಿಕ ಆಸ್ಟ್ರೋಬೈಲೆಯಾದ ಗಣ. ಬೈಲಿ ಮತ್ತು ಸ್ವಾಮಿ ಎರಡು ವರ್ಷಗಳಲ್ಲಿ ಒಂದರ ಹಿಂದೊಂದು ವಿವರಿಸಿದ್ದ ಎರಡು ಗಿಡಗಳು ಬುಡದ ಮೂರು ಕವಲುಗಳಲ್ಲಿ ಎರಡನ್ನು ಪ್ರತಿನಿಧಿಸಿದವು.

ಮೊದಲ ಕವಲೆಂದರೆ ಪೂರ್ವಜವೆಂದು ಅರ್ಥವಲ್ಲ. ಅಂಬೊರೆಲ್ಲಾ ಇಂದು ಬದುಕಿರುವ ಗಿಡ. ಉಳಿದೆಲ್ಲ ಹೂಗಿಡಗಳಷ್ಟೇ ದೀರ್ಘವಾದ ವಿಕಾಸ ಅದರ ಹಿಂದೆಯೂ ಇದೆ. ಎರಡು ದಾಯಾದಿ ಶಾಖೆಗಳಲ್ಲಿ ಒಂದರಲ್ಲಿ ಇದೊಂದೇ ಉಳಿದಿದೆ, ಇನ್ನೊಂದರಲ್ಲಿ ಮಿಕ್ಕ ಎಲ್ಲವೂ ಇವೆ ಎಂಬಷ್ಟೇ ಇದರ ತಾತ್ಪರ್ಯ. ಕೆಲವು ವಿಶ್ಲೇಷಣೆಗಳು ಅಂಬೊರೆಲ್ಲಾ ಮತ್ತು ನೈದಿಲೆಗಳನ್ನು ಜೊತೆಯಾಗಿ ಒಂದೇ ಕವಲಿನಲ್ಲಿ ತೋರಿಸಿದ್ದೂ ಉಂಟು. ೨೦೧೩ರಲ್ಲಿ ಈ ಗಿಡದ ಸಂಪೂರ್ಣ ಜೀನೋಮ್ ಪ್ರಕಟವಾಯಿತು. ೨೦೨೪ರಲ್ಲಿ ಪ್ರಕಟವಾದ, ೩೫೩ ಜೀನುಗಳನ್ನು ೯,೫೦೦ಕ್ಕೂ ಹೆಚ್ಚು ಪ್ರಭೇದಗಳಲ್ಲಿ ಹೋಲಿಸಿದ ಬೃಹತ್ ಅಧ್ಯಯನವೂ ಅಂಬೊರೆಲ್ಲಾದ ಸ್ಥಾನವನ್ನು ಎತ್ತಿಹಿಡಿದಿದೆ.

ಅಣುಸಾಕ್ಷ್ಯವನ್ನು ಆಧರಿಸಿ ‘ಆವೃತಬೀಜ ಸಸ್ಯವಂಶ ಬಳಗ’ವು ೧೯೯೮ರಲ್ಲಿ ೪೬೨ ಕುಟುಂಬಗಳ ವರ್ಗೀಕರಣವನ್ನು ಪ್ರಕಟಿಸಿತು, ೨೦೦೩, ೨೦೦೯ ಮತ್ತು ೨೦೧೬ರಲ್ಲಿ ಅದು ಪರಿಷ್ಕೃತವಾಯಿತು. ೨೦೧೬ರ ಆವೃತ್ತಿಯಲ್ಲಿರುವುದು ೬೪ ಗಣಗಳು, ೪೧೬ ಕುಟುಂಬಗಳು. ಶಾಲೆಯ ದಿನಗಳಿಂದ ನಾವು ಕಲಿತ ಏಕದಳ–ದ್ವಿದಳ ವಿಭಾಗ ಇದರಲ್ಲಿ ಮೊದಲಿನಂತೆ ಉಳಿದಿಲ್ಲ. ಏಕದಳ ಸಸ್ಯಗಳು ಸಹಜ ಗುಂಪೇ ಹೌದು; ಆದರೆ ಅವು ದ್ವಿದಳಗಳೆಂದು ಕರೆಯುತ್ತಿದ್ದವುಗಳ ನಡುವಿನಿಂದಲೇ ಕವಲೊಡೆದವು. ಆದುದರಿಂದ ಹೆನ್ನಿಗನ ನಿಯಮದಂತೆ ‘ದ್ವಿದಳ’ ಎಂಬುದು ವಂಶವಾಚಕವಲ್ಲ.

ಈ ಬದಲಾವಣೆಯ ಆಳವನ್ನು ತಾವರೆ ಮತ್ತು ನೈದಿಲೆಗಳ ಉದಾಹರಣೆಯಿಂದ ಚೆನ್ನಾಗಿ ಅರಿಯಬಹುದು. ಒಂದೇ ಕೆರೆಯಲ್ಲಿ ಬೆಳೆಯುವ ಈ ಎರಡನ್ನೂ ಬೆಂಥಮ್–ಹೂಕರ್ ಒಂದೇ ಕುಟುಂಬದಲ್ಲಿರಿಸಿದ್ದರು. ಕ್ರಾಂಕ್ವಿಸ್ಟ್ ಕುಟುಂಬವನ್ನು ಬೇರ್ಪಡಿಸಿದರೂ ಗಣವನ್ನು ಒಂದೇ ಉಳಿಸಿದರು. ಆದರೆ ತಾವರೆಯ ಪರಾಗಕಣಕ್ಕೆ ಮೂರು ಸೀಳುಗಳಿವೆ. ನೈದಿಲೆಯ ಪರಾಗದಲ್ಲಿ ಅವಿಲ್ಲ. ತಾವರೆಯ ಬಿಡಿ ಅಂಡಪತ್ರಗಳು ಮೆತ್ತನೆಯ ಪೀಠದ ಗುಳಿಗಳಲ್ಲಿ ಹುದುಗಿರುತ್ತವೆ, ನೈದಿಲೆಯಲ್ಲಿ ಹಾಗಿಲ್ಲ. ಈ ಭೇದಗಳು ಹಿಂದೆಯೂ ತಿಳಿದಿದ್ದವೇ. ಅವುಗಳ ತೂಕ ಎಷ್ಟೆಂದು ಹೇಳಿದ್ದು ಡಿ.ಎನ್.ಎ. ಇಂದಿನ ವರ್ಗೀಕರಣದಲ್ಲಿ ತಾವರೆಯ ಸಮೀಪಬಂಧುಗಳು ಪ್ಲಾಟನಸ್ ಮರ ಮತ್ತು ಪ್ರೋಟಿಯೇಸಿ ಕುಟುಂಬ. ನೀರಿನ ಬಾಳು ಎರಡು ದೂರದ ವಂಶಗಳನ್ನು ಒಂದೇ ಅಚ್ಚಿಗೆ ತಂದಿತ್ತು. ಸೂರ್ಯನಿಗೆ ಅರಳುವ ತಾವರೆ, ಚಂದ್ರನಿಗೆ ಅರಳುವ ನೈದಿಲೆ ಎಂಬ ಕವಿಸಮಯ ಇವುಗಳನ್ನು ಬೇರ್ಪಡಿಸಿದ್ದು ಬೇರೆಯದೇ ಕಾರಣಕ್ಕೆ. ಅದನ್ನು ವಿಜ್ಞಾನದ ಮುನ್ಸೂಚನೆಯೆಂದು ಭಾವಿಸಬೇಕಾಗಿಲ್ಲ.

೫. ಸ್ವಾಮಿಯವರ ಕೆಲಸದ ಮರುಮೌಲ್ಯಮಾಪನ

ಇಷ್ಟರಿಂದ ಸ್ವಾಮಿಯವರು ಎಲ್ಲವನ್ನೂ ಮೊದಲೇ ಕಂಡುಕೊಂಡಿದ್ದರೆಂದು ಸಂಭ್ರಮಿಸುವುದು ಸುಲಭ. ಸಂಶೋಧನೆಯ ಚರಿತ್ರೆ ಅಷ್ಟು ಸರಳವಲ್ಲ. ಬೈಲಿ–ಸ್ವಾಮಿಯವರ ೧೯೫೧ರ ಪ್ರಬಂಧವು ಅಂಡಪತ್ರವನ್ನು ನಡುನರದ ಉದ್ದಕ್ಕೂ ಮಡಿಸಿದ ಎಲೆಯಂತೆ ಕಂಡಿತು. ಫಿಜಿಯ ಡಿಜೆನೀರಿಯಾ, ವಿಂಟರೇಸಿ ಕುಟುಂಬದ ಡ್ರಿಮಿಸ್ ಮೊದಲಾದವುಗಳ ಅಂಡಪತ್ರದ ಅಂಚುಗಳು ಪೂರ್ತಿ ಬೆಸೆಯದೆ, ಮಡಿಕೆಯ ಗುರುತನ್ನು ಉಳಿಸಿಕೊಂಡಿವೆ. ಬೀಜವನ್ನು ಮುಚ್ಚಿಕೊಳ್ಳುವ ಗುಣ ಹೀಗೆಯೇ ಹುಟ್ಟಿರಬೇಕೆಂಬುದು ಅವರ ವಾದ. ಹಲವು ದಶಕಗಳ ಕಾಲ ಪಠ್ಯಪುಸ್ತಕಗಳು ಇದನ್ನು ಒಪ್ಪಿಕೊಂಡವು. ೧೯೯೯ರ ನಂತರ ಪೀಟರ್ ಎಂಡ್ರೆಸ್ ಮತ್ತು ಇಗರ್ಸ್‌ಹೈಮ್ ಅವರು ಬುಡದ ಕವಲುಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಬೇರೊಂದು ಚಿತ್ರ ಮೂಡಿತು. ಅಂಬೊರೆಲ್ಲಾದ ಅಂಡಪತ್ರ ಮಡಿಸಿದ ಎಲೆಯಂತಿಲ್ಲ, ಹೂಜಿಯಂತಿದೆ. ಅದರ ಬಾಯಿ ಮುಚ್ಚುವುದು ಅಂಗಾಂಶಗಳ ಬೆಸುಗೆಯಿಂದಲ್ಲ, ಸ್ರಾವದಿಂದ. ಅಂದರೆ ೧೯೪೮ರಲ್ಲಿ ಇವರೇ ವಿವರಿಸಿದ್ದ ಗಿಡವು ೧೯೫೧ರಲ್ಲಿ ಇವರೇ ಕಟ್ಟಿದ ಸಿದ್ಧಾಂತವನ್ನು ಪ್ರಶ್ನಿಸುವ ಸಾಕ್ಷಿಯಾಯಿತು.

ನಾಳಗಳ ವಿಷಯದಲ್ಲಿಯೂ ಇಂತಹ ತಿದ್ದುಪಡಿ ನಡೆದಿದೆ. ನಾಳರಹಿತವೆಂದು ಸಾರಿದ್ದ ಸಾರ್ಕಾಂಡ್ರಾದಲ್ಲಿ ನಾಳಗಳಿರುವುದನ್ನು ೧೯೮೭ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ತೋರಿಸಿದರು. ವಿಂಟರೇಸಿ ಕುಟುಂಬ ನಾಳಗಳಿರುವ ಬಂಧುಗಳ ನಡುವೆ ನಿಂತಿರುವುದರಿಂದ, ಅಲ್ಲಿ ನಾಳಗಳು ಹುಟ್ಟಿ ಆಮೇಲೆ ನಷ್ಟವಾಗಿರಬೇಕೆಂದು ಅನೇಕರು ತರ್ಕಿಸಿದ್ದಾರೆ. ನಾಳದ ವಿಕಾಸ ಎಂದಿಗೂ ಹಿಂದಿರುಗದು ಎಂಬ ಬೈಲಿಯವರ ನಿಯಮ ಹೀಗೆ ಸಡಿಲವಾಗಿದೆ.

ಆದರೂ ಅವರ ಕೆಲಸದ ಬೆಲೆ ತಗ್ಗುವುದಿಲ್ಲ. ಲೇಖನಗಳಲ್ಲಿ ಎರಡು ಪದರಗಳಿವೆ: ಒಂದು ವೀಕ್ಷಣೆ, ಇನ್ನೊಂದು ವ್ಯಾಖ್ಯಾನ. ವ್ಯಾಖ್ಯಾನ ಬದಲಾಯಿತು, ಅಂಬೊರೆಲ್ಲಾದಲ್ಲಿ ನಾಳಗಳಿಲ್ಲವೆಂಬ ವೀಕ್ಷಣೆ ಹಾಗೆಯೇ ನಿಂತಿತು. ಡಿ.ಎನ್.ಎ. ಕೊಡುವುದು ಕವಲುಗಳ ಕ್ರಮವನ್ನು ಮಾತ್ರ. ಆ ಕವಲುಗಳಲ್ಲಿ ಯಾವ ಅಂಗ ಎಲ್ಲಿ ಹುಟ್ಟಿತು, ಎಲ್ಲಿ ಅಳಿಯಿತು ಎಂಬುದನ್ನು ಹೇಳಬೇಕಾದರೆ ಸೂಕ್ಷ್ಮದರ್ಶಕದ ಮುಂದೆ ಕುಳಿತು ಛೇದಗಳನ್ನು ನೋಡಿದವರ ದಾಖಲೆ ಬೇಕೇಬೇಕು. ಯಾರ ಗಮನಕ್ಕೂ ಬಾರದಿದ್ದ ದ್ವೀಪವೊಂದರ ಪೊದೆಯನ್ನು ಪರೀಕ್ಷೆಗೆ ಯೋಗ್ಯವೆಂದು ಆರಿಸಿಕೊಂಡದ್ದು ಕೂಡ ಈ ಬಗೆಯ ಅಂಗರಚನಾ ವಿವೇಕದಿಂದಲೇ.

೬. ನಮ್ಮ ಸಸ್ಯಗ್ರಂಥಗಳು

ಈ ಚರಿತ್ರೆಯ ಪದರಗಳು ಕರ್ನಾಟಕದ ಗ್ರಂಥಾಲಯಗಳಲ್ಲಿಯೂ ಇವೆ. ಉತ್ತರ ಕನ್ನಡ, ಧಾರವಾಡಗಳ ಸಸ್ಯಗಳಿಗೆ ಥಿಯೋಡರ್ ಕುಕ್ ಅವರ ಮುಂಬಯಿ ಪ್ರಾಂತದ ಗ್ರಂಥವನ್ನೂ (೧೯೦೧–೧೯೦೮), ದಕ್ಷಿಣ ಕನ್ನಡ, ಬಳ್ಳಾರಿಗಳಿಗೆ ಗ್ಯಾಂಬಲ್ ಆರಂಭಿಸಿದ ಮದರಾಸು ಪ್ರಾಂತದ ಗ್ರಂಥವನ್ನೂ (೧೯೧೫–೧೯೩೬) ಸಂಶೋಧಕರು ಇಂದಿಗೂ ತೆರೆಯುತ್ತಾರೆ; ಎರಡೂ ಬೆಂಥಮ್–ಹೂಕರ್ ಪರಂಪರೆಯವು. ಸೆಸಿಲ್ ಸಲ್ಡಾನಾ ಮತ್ತು ಡ್ಯಾನ್ ನಿಕೋಲ್ಸನ್ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ೧೯೭೬ರಲ್ಲಿ ಹೊರಬಂದಿತು. ಮುಂದೆ ೧೯೮೪ರಲ್ಲಿ ಸಲ್ಡಾನಾ ಅವರು ಹೊರತಂದ ಕರ್ನಾಟಕದ ಸಸ್ಯಸಂಪತ್ತಿನ ಮೊದಲ ಸಂಪುಟ ಮ್ಯಾಗ್ನೋಲಿಯೇಸಿಯಿಂದ ಆರಂಭವಾಗುವುದು ಕ್ರಾಂಕ್ವಿಸ್ಟನ ಕ್ರಮಕ್ಕೆ ಅನುಗುಣವಾಗಿ. ಇಂದಿನ ಸಂಶೋಧನ ಪತ್ರಿಕೆಗಳ ಕುಟುಂಬಗಳು ೨೦೧೬ರ ಕ್ರಮದವು. ಒಬ್ಬನೇ ಓದುಗ ಒಂದೇ ಮೇಜಿನ ಮೇಲೆ ಮೂರು ಕಾಲದ ಕುಟುಂಬಗಳನ್ನು ಎದುರಿಸಬೇಕಾಗಿದೆ.

ತೇಗ ವರ್ಬಿನೇಸಿಯಿಂದ ತುಳಸಿಯ ಕುಟುಂಬವಾದ ಲೇಮಿಯೇಸಿಗೆ ಬಂದಿದೆ. ಎಕ್ಕದ ಪ್ರತ್ಯೇಕ ಕುಟುಂಬ ಕಣಗಿಲೆಯ ಕುಟುಂಬದಲ್ಲಿ ಲೀನವಾಗಿದೆ. ಬೂರುಗದ ಕಥೆ ಇನ್ನೂ ವಿಚಿತ್ರ: ಬೆಂಥಮ್–ಹೂಕರ್ ಅದನ್ನು ದಾಸವಾಳದ ಕುಟುಂಬವಾದ ಮಾಲ್ವೇಸಿಯಲ್ಲಿಟ್ಟರು, ಕ್ರಾಂಕ್ವಿಸ್ಟ್ ಬಾಂಬಕೇಸಿಯಾಗಿ ಹೊರತೆಗೆದರು, ಅಣುಸಾಕ್ಷ್ಯ ಅದನ್ನು ಮತ್ತೆ ಮಾಲ್ವೇಸಿಗೆ ಮರಳಿಸಿತು. ಹಳೆಯ ಗ್ರಂಥದಲ್ಲಿ ಕುಟುಂಬ ಬೇರೆಯಿದ್ದರೆ ಅದನ್ನು ತಪ್ಪೆಂದು ತಳ್ಳಿಹಾಕುವುದು ಸರಿಯಲ್ಲ. ಅದು ಆಯಾ ಕಾಲಕ್ಕೆ ಲಭ್ಯವಿದ್ದ ಸಾಕ್ಷ್ಯವನ್ನು ಆಧರಿಸಿದ ಊಹೆ. ಗಿಡದ ವರ್ಣನೆ, ದೊರೆತ ಸ್ಥಳ, ಹೂಬಿಡುವ ಕಾಲ ಇವು ಈಗಲೂ ಉಪಯುಕ್ತ.

ಈ ಕಾರಣದಿಂದ ಎರಡು ಕೆಲಸಗಳು ಅಗತ್ಯವೆನಿಸುತ್ತವೆ. ಮೊದಲನೆಯದು, ಕರ್ನಾಟಕದ ಸಸ್ಯಗಳಿಗೆ ಈ ಮೂರು ಪದ್ಧತಿಗಳ ಕುಟುಂಬಗಳನ್ನು ಎದುರುಬದುರಾಗಿ ತೋರಿಸುವ, ಕನ್ನಡದ ಹೆಸರುಗಳನ್ನು ಒಳಗೊಂಡ ಸಮನ್ವಯ ಸೂಚಿ. ಎರಡನೆಯದು, ಸ್ವಾಮಿಯವರ ಸಂಶೋಧನ ಲೇಖನಗಳ ಸಾರವನ್ನು, ನಂತರದ ತಿದ್ದುಪಡಿಗಳ ಟಿಪ್ಪಣಿಯೊಡನೆ, ಕನ್ನಡದಲ್ಲಿ ಒಂದೆಡೆ ತರುವುದು. ‘ಹಸುರು ಹೊನ್ನು’ವನ್ನು ಮೆಚ್ಚಿ ಓದುವವರಿಗೆ ಅದರ ಕರ್ತೃ ೧೯೪೮ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಏನನ್ನು ಕಂಡಿದ್ದರೆಂಬುದೂ ತಿಳಿಯಬೇಕಾಗಿದೆ.